ಗೂಢಚಾರನ ಕಾರು ಅಂಗೈಯಲ್ಲಿ
ಪತ್ತೇದಾರಿ ಚಿತ್ರಗಳ ಎರಕದ ಆಟಿಕೆಗಳು ನಮ್ಮ ಉದ್ಯಮಿಗಳಿಗೆ ಹೇಳುವ ಲೆಕ್ಕ

ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ಪಂಚರಥಗಳು ಸಾಗಿಹೋದ ಮೇಲೆ ನಂಜನಗೂಡಿನ ಬೀದಿಗಳಲ್ಲಿ ವ್ಯಾಪಾರ ಬಿರುಸಾಗುತ್ತದೆ. ಕಡ್ಲೆಪುರಿ, ಬತ್ತಾಸು, ಬಳೆಗಳ ಪಕ್ಕದಲ್ಲೇ ಆಟಿಕೆಗಳ ರಾಶಿ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳದ ದಿನಗಳಲ್ಲಿಯೂ ಇದೇ ದೃಶ್ಯ. ಆ ರಾಶಿಯಲ್ಲಿ ಬೆರಳುದ್ದದ ಕಾರುಗಳಿರುತ್ತವೆ. ಮಗು ಹಟ ಹಿಡಿಯುತ್ತದೆ, ತಂದೆ ಚೌಕಾಸಿ ಮಾಡುತ್ತಾನೆ, ಕಾರು ಮನೆಗೆ ಬರುತ್ತದೆ, ಮುಂದಿನ ಜಾತ್ರೆಯ ಹೊತ್ತಿಗೆ ಅದರ ಚಕ್ರವೂ ಇರುವುದಿಲ್ಲ. ವ್ಯಾಪಾರಿಯ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗಿದ ಸರಕು.

ಇದೇ ಗಾತ್ರದ ಇನ್ನೊಂದು ಕಾರಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಸ್ವಾನ್ಸಿ ಪಟ್ಟಣದಲ್ಲಿ 1965ರಲ್ಲಿ ತಯಾರಾಗಿ, ಒಂಬತ್ತು ಶಿಲ್ಲಿಂಗ್ ಹನ್ನೊಂದು ಪೆನ್ಸ್‌ಗೆ, ಎಂದರೆ ಅರ್ಧ ಪೌಂಡಿಗೂ ತುಸು ಕಡಿಮೆಗೆ ಮಾರಾಟವಾದದ್ದು. ಅದರ ಕಳಂಕವಿಲ್ಲದ ಪ್ರತಿ ಮೂಲ ಪೆಟ್ಟಿಗೆಯೊಡನೆ ದೊರೆತರೆ ಸಂಗ್ರಾಹಕರು ನೂರಾರು ಪೌಂಡು ಕೊಡುತ್ತಾರೆ. ಎರಡೂ ಆಟಿಕೆಗಳೇ, ಎರಡೂ ಮಕ್ಕಳ ಕೈಗೆಂದೇ ಹುಟ್ಟಿದವು. ಒಂದು ಕಸವಾಗುವುದೇಕೆ, ಇನ್ನೊಂದು ಆಸ್ತಿಯಾಗುವುದೇಕೆ ಎಂಬ ಪ್ರಶ್ನೆ ಹವ್ಯಾಸಿಗಳಿಗೆ ಮಾತ್ರ ಸೇರಿದ್ದಲ್ಲ. ಲೋಹದ ಎರಕ, ಯಂತ್ರಭಾಗ, ಮುದ್ರಣ ಮತ್ತು ಚಿಲ್ಲರೆ ವ್ಯಾಪಾರ ಇವೆಲ್ಲವನ್ನೂ ಬಲ್ಲ ನಮ್ಮ ಜಿಲ್ಲೆಯ ಉದ್ಯಮಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಹೌದು.

261ನೆಯ ನಂಬರಿನ ಕಾರು

ಜರ್ಮನಿಯಿಂದ ವಲಸೆ ಬಂದ ಫಿಲಿಪ್ ಉಲ್ಮನ್ 1933ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿಸಿದ ಮೆಟಾಯ್ ಕಂಪನಿಯು 1956ರಲ್ಲಿ ಕಾರ್ಗಿ ಎಂಬ ಹೆಸರಿನಲ್ಲಿ ಎರಕದ ಪುಟ್ಟ ವಾಹನಗಳನ್ನು ಮಾರುಕಟ್ಟೆಗೆ ತಂದಿತು. ಆಗ ಆ ಕ್ಷೇತ್ರದಲ್ಲಿ ಡಿಂಕಿ ಎಂಬ ಹಳೆಯ ಹೆಸರು ಭದ್ರವಾಗಿ ನೆಲೆಯೂರಿತ್ತು. ಕಾರ್ಗಿ ತನ್ನ ಕಾರುಗಳಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿಗಳನ್ನಿಟ್ಟು, ಅದನ್ನೇ ಜಾಹೀರಾತಿನಲ್ಲಿ ಸಾರಿತು. ಹೊಸಬರು ಹಳಬರೊಡನೆ ಬೆಲೆಯಲ್ಲಿ ಸೆಣಸದೆ ಒಂದು ಸಣ್ಣ ವೈಶಿಷ್ಟ್ಯದಲ್ಲಿ ಸೆಣಸಿದ ಉದಾಹರಣೆ ಇದು.

1964ರ ಸೆಪ್ಟೆಂಬರಿನಲ್ಲಿ ತೆರೆಕಂಡ ಜೇಮ್ಸ್ ಬಾಂಡ್ ಚಿತ್ರ ‘ಗೋಲ್ಡ್‌ಫಿಂಗರ್’ನಲ್ಲಿ ನಾಯಕನಷ್ಟೇ ಹೆಸರಾದದ್ದು ಅವನ ಆಸ್ಟನ್ ಮಾರ್ಟಿನ್ ಡಿಬಿ5 ಕಾರು. ದೀಪಗಳ ಬಳಿಯಿಂದ ಬಂದೂಕು ಹೊರಡುತ್ತದೆ, ಹಿಂಬದಿಯಲ್ಲಿ ಗುಂಡುತಡೆಯ ಫಲಕ ಏಳುತ್ತದೆ, ಪಕ್ಕದ ಆಸನದಲ್ಲಿ ಕುಳಿತ ಶತ್ರು ಛಾವಣಿಯ ಮೂಲಕ ಆಕಾಶಕ್ಕೆ ಹಾರುತ್ತಾನೆ. ಮರುವರ್ಷದ ಅಕ್ಟೋಬರಿನಲ್ಲಿ ಕಾರ್ಗಿ ಇದೇ ಕಾರನ್ನು 261ನೆಯ ನಂಬರಿನ ಆಟಿಕೆಯಾಗಿ ಹೊರತಂದಿತು. ಬದಿಯ ಗುಂಡಿಯೊತ್ತಿದರೆ ಬಂದೂಕುಗಳು ಚಿಮ್ಮುತ್ತಿದ್ದವು; ಹೊಗೆಕೊಳವೆಯನ್ನು ಒಳಕ್ಕೆ ತಳ್ಳಿದರೆ ಫಲಕ ಏಳುತ್ತಿತ್ತು; ಇನ್ನೊಂದು ಗುಂಡಿಯೊತ್ತಿದರೆ ಛಾವಣಿ ತೆರೆದು ಕಾಳಿನಷ್ಟು ದೊಡ್ಡ ಖಳನೊಬ್ಬ ಹೊರಗೆ ಹಾರುತ್ತಿದ್ದ. ಅವನು ಮಂಚದಡಿ ಕಳೆದುಹೋಗುವುದು ಖಚಿತವೆಂದು ತಯಾರಕರಿಗೆ ತಿಳಿದಿತ್ತು. ಆದ್ದರಿಂದ ಪೆಟ್ಟಿಗೆಯೊಳಗಿನ ‘ರಹಸ್ಯ ಸೂಚನೆ’ಗಳ ಲಕೋಟೆಯಲ್ಲಿ ಇನ್ನೊಬ್ಬ ಖಳನನ್ನು ಇಟ್ಟಿದ್ದರು, ಜೊತೆಗೆ ಅಂಗಿಗೆ ಅಂಟಿಸಿಕೊಳ್ಳಲು 007 ಎಂಬ ಬಿಲ್ಲೆ.

ಇಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಒಂದೆರಡು ಸಂಗತಿಗಳಿವೆ. ಕಾರ್ಗಿ ಈ ಕಾರಿಗಾಗಿ ಎಲ್ಲವನ್ನೂ ಹೊಸದಾಗಿ ಮಾಡಲಿಲ್ಲ. ತನ್ನ ಬಳಿ ಆಗಲೇ ಇದ್ದ ಡಿಬಿ4 ಮಾದರಿಯನ್ನು ಆಧಾರವಾಗಿಟ್ಟುಕೊಂಡು ಮಾರ್ಪಡಿಸಿತು. ಮುಖ್ಯ ವಿನ್ಯಾಸಕಾರ ಮಾರ್ಸೆಲ್ ವ್ಯಾನ್ ಕ್ಲೀಂಪುಟ್ ಮತ್ತು ಅವರ ತಂಡದ ಶ್ರಮವೆಲ್ಲ ಒಳಗಿನ ಸನ್ನೆ, ಸ್ಪ್ರಿಂಗುಗಳನ್ನು ಆ ಇಕ್ಕಟ್ಟಿನಲ್ಲಿ ಹೊಂದಿಸುವುದಕ್ಕೆ ಮೀಸಲಾಯಿತು. ಚಿತ್ರದಲ್ಲಿ ಕಾರಿನ ಬಣ್ಣ ಬೆಳ್ಳಿಯದು. ಬೆಳ್ಳಿಯ ಬಣ್ಣ ಬಳಿದರೆ ಬಣ್ಣವನ್ನೇ ಹಾಕದ ಎರಕದಂತೆ ಕಂಡೀತೆಂಬ ಅಂಜಿಕೆಯಿಂದ ಆಟಿಕೆಗೆ ಹೊನ್ನಿನ ಬಣ್ಣ ಕೊಟ್ಟರು. ಚಿತ್ರ ಬಿಡುಗಡೆಯಾಗಿ ವರ್ಷ ಕಳೆದ ಮೇಲೆ ಬಂದ ಸರಕು ತಂಗಳಾಗಬೇಕಿತ್ತು, ಹಾಗಾಗಲಿಲ್ಲ. ಅದೇ ಡಿಸೆಂಬರಿನಲ್ಲಿ ‘ಥಂಡರ್‌ಬಾಲ್’ ಬಂದು ಅದೇ ಕಾರನ್ನು ಮತ್ತೆ ತೆರೆಯ ಮೇಲೆ ಓಡಿಸಿತು. ಆ ಕ್ರಿಸ್‌ಮಸ್ಸಿನಲ್ಲಿ ಅಂಗಡಿಗಳಿಗೆ ಸಾಕಾಗುವಷ್ಟು ಸರಕು ಪೂರೈಸಲಾಗದೆ ಕಂಪನಿ ಪರದಾಡಿತು. 1965ರ ವರ್ಷದ ಆಟಿಕೆ ಎಂಬ ಮನ್ನಣೆ ಅದಕ್ಕೆ ಸಂದಿತು. 1968ರ ಹೊತ್ತಿಗೆ ಮಾರಾಟ ಮೂವತ್ತು ಲಕ್ಷದ ಸನಿಹ ತಲುಪಿತು.

ಅಲ್ಲಿಂದ ಮುಂದೆ ಗೂಢಚಾರರ ಕಾರುಗಳದ್ದೇ ಒಂದು ವಂಶ ಬೆಳೆಯಿತು. ‘ದಿ ಮ್ಯಾನ್ ಫ್ರಂ ಅಂಕಲ್’ ದೂರದರ್ಶನ ಸರಣಿಯ ಓಲ್ಡ್ಸ್‌ಮೊಬೈಲ್ 1966ರಲ್ಲಿ, ಟೊಯೋಟಾ 2000ಜಿಟಿ 1967ರಲ್ಲಿ, ನೀರಿನೊಳಗೆ ಈಜುವ ಲೋಟಸ್ ಎಸ್ಪ್ರಿಟ್ 1977ರಲ್ಲಿ. ಇಷ್ಟೆಲ್ಲ ಗೆದ್ದ ಮೆಟಾಯ್ 1983ರಲ್ಲಿ ದಿವಾಳಿಯಾಯಿತು ಎಂಬುದನ್ನೂ ಹೇಳಲೇಬೇಕು. ಕಂಪನಿ ಹೋಯಿತು, ಕಾರ್ಗಿ ಎಂಬ ಹೆಸರು ಕೈಯಿಂದ ಕೈಗೆ ದಾಟಿ ಉಳಿಯಿತು. ಯಂತ್ರ, ಕಟ್ಟಡ, ದಾಸ್ತಾನುಗಳಿಗಿಂತ ಹೆಸರು ಮತ್ತು ವಿನ್ಯಾಸಗಳೇ ಹೆಚ್ಚು ಬಾಳಿಕೆಯ ಆಸ್ತಿಯೆಂಬುದು ನಮ್ಮ ಅನೇಕ ಕುಟುಂಬ ಉದ್ದಿಮೆಗಳು ಇನ್ನೂ ಲೆಕ್ಕಪುಸ್ತಕದಲ್ಲಿ ಬರೆದುಕೊಳ್ಳದ ಸತ್ಯ.

ಭಾರತದ ನಂಟೂ ಈ ಹವ್ಯಾಸಕ್ಕೆ ಉಂಟು. 1983ರ ‘ಆಕ್ಟೋಪಸಿ’ ಚಿತ್ರದ ಕೆಲವು ಭಾಗಗಳು ಉದಯಪುರದಲ್ಲಿ ಚಿತ್ರೀಕರಣಗೊಂಡವು. ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಅದರಲ್ಲಿ ಬಾಂಡನನ್ನು ಆಟೋರಿಕ್ಷಾದಲ್ಲಿ ಕೂರಿಸಿಕೊಂಡು ಓಡಿಸುತ್ತಾರೆ. 2007ರಿಂದ ಬ್ರಿಟನ್ನಿನಲ್ಲಿ ಕಂತುಗಳಲ್ಲಿ ಬಂದ ಬಾಂಡ್ ಕಾರುಗಳ ಸಂಗ್ರಹಮಾಲೆಯಲ್ಲಿ ಆ ಆಟೋರಿಕ್ಷಾಕ್ಕೂ ಜಾಗ ದೊರೆಯಿತು. ನಮ್ಮ ಬಸ್ ನಿಲ್ದಾಣದ ಮುಂದೆ ಸಾಲುಗಟ್ಟಿ ನಿಲ್ಲುವ ವಾಹನದ ಪ್ರತಿರೂಪವನ್ನು ವಿದೇಶಿ ಸಂಗ್ರಾಹಕ ಗಾಜಿನ ಕಪಾಟಿನಲ್ಲಿಟ್ಟು ಕಾಪಾಡುತ್ತಾನೆ!

ಸತುವಿನ ಗುಣ, ಸೀಸದ ದೋಷ

ಈ ಕಾರುಗಳ ಮೈ ಬಹುಪಾಲು ಸತು. ಅದಕ್ಕೆ ಶೇ. 4ರಷ್ಟು ಅಲ್ಯುಮಿನಿಯಂ, ಅತ್ಯಲ್ಪ ಮೆಗ್ನೀಸಿಯಂ, ಕೆಲವೊಮ್ಮೆ ತಾಮ್ರ ಬೆರೆಸುತ್ತಾರೆ. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿ ರೂಪಿಸಿದ ಈ ಮಿಶ್ರಲೋಹಕ್ಕೆ ಝಮಾಕ್ ಎಂದು ಹೆಸರು. ಬ್ರಿಟನ್ನಿನಲ್ಲಿ ಇದನ್ನು ಮಜಾಕ್ ಎನ್ನುತ್ತಾರೆ. ಹೆಸರು ತಮಾಷೆಯಾಗಿ ಕೇಳಿಸಿದರೂ ಲೋಹ ತಮಾಷೆಯದಲ್ಲ. ಸುಮಾರು 380ರಿಂದ 390 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಉಕ್ಕಿನ ಡೈಗೆ ಹೆಚ್ಚು ಘಾಸಿಯಾಗದು. ತೆಳ್ಳಗೆ ಹರಿದು ಬಾಗಿಲ ಗೆರೆ, ದೀಪದ ಅಂಚು, ಜಾಲರಿಗಳ ಸೂಕ್ಷ್ಮವನ್ನೆಲ್ಲ ಹಿಡಿಯುತ್ತದೆ. ಶುದ್ಧ ಅಲ್ಯುಮಿನಿಯಂ ಕರಗಲು 660 ಡಿಗ್ರಿ ಬೇಕು. ಅದಕ್ಕೆ ಕರಗಿದ ಲೋಹವನ್ನು ಪ್ರತಿ ಬಾರಿಯೂ ಹೊರಗಿನಿಂದ ಸುರಿಯುವ ಯಂತ್ರವೇ ಆಗಬೇಕು. ಸತುವಿಗಾದರೆ ಒತ್ತುವ ಭಾಗವೇ ಕರಗಿದ ಲೋಹದಲ್ಲಿ ಮುಳುಗಿರುತ್ತದೆ, ಆದ್ದರಿಂದ ಕೆಲಸ ಬಹಳ ಬೇಗ ಸಾಗುತ್ತದೆ.

ಆದರೆ ಸತುವಿಗೊಂದು ರೋಗವುಂಟು. ಕುಲುಮೆಗೆ ಸೀಸ, ತವರ ಅಥವಾ ಕ್ಯಾಡ್ಮಿಯಂ ಎಳ್ಳಷ್ಟು ಬೆರೆತರೂ ಎರಕವು ವರ್ಷಗಳ ತರುವಾಯ ತೇವವನ್ನು ಹೀರಿ ಒಳಗಿನಿಂದ ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ರಸ್ಕಿನಂತೆ ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿ ವಾಹನಗಳು ಸಂಗ್ರಾಹಕರ ಕಪಾಟಿನಲ್ಲೇ ಹೀಗೆ ಅಳಿದವು. ಇದಕ್ಕೆ ಮದ್ದಿಲ್ಲ. ಶೇ. 99.99 ಶುದ್ಧ ಸತುವಿನಿಂದ ಆರಂಭಿಸುವುದೊಂದೇ ದಾರಿ. ಗುಜರಿಯ ಲೋಹವನ್ನು ಕಣ್ಣಳತೆಯಲ್ಲಿ ಕುಲುಮೆಗೆ ಹಾಕುವ ಅಭ್ಯಾಸವುಳ್ಳವರು ಈ ವ್ಯಾಪಾರಕ್ಕೆ ಇಳಿಯಬಾರದು. ಹತ್ತು ವರ್ಷ ಕಳೆದ ಮೇಲೆ ತೋರುವ ದೋಷಕ್ಕೆ ಗ್ರಾಹಕ ತಯಾರಕನನ್ನು ಕ್ಷಮಿಸಬಹುದು, ಸಂಗ್ರಾಹಕ ಎಂದೂ ಕ್ಷಮಿಸನು.

ನಮ್ಮ ದೇಶದಲ್ಲಿ ಈ ಉದ್ಯಮ ಇರಲಿಲ್ಲವೆಂದಲ್ಲ. 1960ರ ದಶಕದ ಕೊನೆಯ ಸುಮಾರಿಗೆ ಡಿಂಕಿಯ ಕೆಲವು ಹಳೆಯ ಡೈಗಳು ಕಲ್ಕತ್ತೆಗೆ ಬಂದವು. ಅಲ್ಲಿ ಅವು ನಿಕಿ ಟಾಯ್ಸ್ ಎಂಬ ಹೆಸರಿನ ಕಾರುಗಳನ್ನು ಹೆತ್ತವು. ಅಡಿಫಲಕದ ಮೇಲಿನ ಹಳೆಯ ಅಕ್ಷರಗಳನ್ನು ತಿದ್ದಿ ಹೊಸ ಹೆಸರು ಮೂಡಿಸಿದ ಗುರುತು ಇಂದಿಗೂ ಕಾಣುತ್ತದೆ. ಅಂದು ಬಡ ದೇಶದ ಒರಟು ನಕಲೆಂದು ಕಡೆಗಣಿಸಲಾದ ಆ ಕಾರುಗಳನ್ನು ಇಂದು ವಿದೇಶಿ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ, ಅವು ಭಾರತದಲ್ಲಿ ತಯಾರಾದವು ಎಂಬ ಕಾರಣಕ್ಕಾಗಿಯೇ.

ನಮ್ಮ ಪಾಲಿನ 999

ಬಾಂಡನ ಸಂಖ್ಯೆ 007. ಕನ್ನಡಿಗರ ಗೂಢಚಾರನ ಸಂಖ್ಯೆ 999. ದೊರೈ–ಭಗವಾನ್ ಜೋಡಿ 1968ರಲ್ಲಿ ನಿರ್ದೇಶಿಸಿದ ‘ಜೇಡರ ಬಲೆ’ಯಲ್ಲಿ ಡಾ. ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಕಾಣಿಸಿಕೊಂಡರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಸ್ವಾನ್ಸಿಯ ಕಾರ್ಖಾನೆ ಮೂವತ್ತು ಲಕ್ಷ ಕಾರುಗಳ ಲೆಕ್ಕ ಮುಗಿಸುತ್ತಿದ್ದ ವರ್ಷದಲ್ಲೇ ನಮ್ಮ ಗೂಢಚಾರನೂ ಹುಟ್ಟಿದನೆಂಬುದು ಕುತೂಹಲದ ಸಂಗತಿ. ನಂಜನಗೂಡಿನಿಂದ ಚಾಮರಾಜನಗರದ ದಾರಿ ಹಿಡಿದು ಮುಂದೆ ಸಾಗಿದರೆ ರಾಜ್‌ಕುಮಾರರ ಹುಟ್ಟೂರಿನ ಸೀಮೆ. ಈ ಭಾಗದ ಟೆಂಟ್ ಸಿನಿಮಾಗಳಲ್ಲಿ ಮಣ್ಣಿನ ಮೇಲೆ ಕುಳಿತು ಆ ಚಿತ್ರಗಳನ್ನು ನೋಡಿದ ತಲೆಮಾರು ಇನ್ನೂ ನಮ್ಮ ನಡುವೆಯೇ ಇದೆ. ಅವರು ಅಂದು ಮಕ್ಕಳಾಗಿದ್ದರು, ಇಂದು ಕೊಳ್ಳುವ ಶಕ್ತಿಯುಳ್ಳವರು. ಸಂಗ್ರಹದ ಮಾರುಕಟ್ಟೆ ಎಲ್ಲ ಕಡೆಯೂ ನಿಂತಿರುವುದು ಇಂಥವರ ಮೇಲೆಯೇ: ಬಾಲ್ಯದಲ್ಲಿ ಕೈಗೆ ಸಿಗದಿದ್ದುದನ್ನು ನಲವತ್ತು ದಾಟಿದ ಮೇಲೆ ಕೊಳ್ಳುವವರು.

ಹಾಗಾದರೆ 999ರ ಕಾರನ್ನು ನಾವೇ ಎರಕ ಹೊಯ್ಯಬಹುದಲ್ಲ? ಈ ಪ್ರಶ್ನೆಗೆ ಉತ್ತರ ಡೈಯ ಮುಂದೆ ಕುಳಿತಾಗಲ್ಲ, ವಕೀಲರ ಮುಂದೆ ಕುಳಿತಾಗ ಸಿಗುತ್ತದೆ.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಲನಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದ ಆರಂಭದಿಂದ 60 ವರ್ಷ. 1968ರ ಚಿತ್ರದ ಹಕ್ಕು 2028ರ ಡಿಸೆಂಬರ್ ಅಂತ್ಯದವರೆಗೆ ನಡೆಯುತ್ತದೆ. ಅನಂತರ ಎಲ್ಲವೂ ಬಯಲಾಯಿತೆಂದು ಹಿಗ್ಗುವಂತಿಲ್ಲ. ಕಥೆ, ಸಂಭಾಷಣೆ, ಸಂಗೀತಗಳ ಹಕ್ಕು ಅವುಗಳ ಕರ್ತೃವಿನ ಮರಣಾನಂತರ 60 ವರ್ಷ ಉಳಿಯುವುದರಿಂದ ಅವುಗಳ ಲೆಕ್ಕ ಬೇರೆ. ನಟರ ಹೆಸರು ಮತ್ತು ಮುಖಚಿತ್ರವನ್ನು ಪೆಟ್ಟಿಗೆಯ ಮೇಲೆ ಹಾಕಲು ಅವರ ಕುಟುಂಬದ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದು ಸೌಜನ್ಯವೂ ಹೌದು, ಕ್ಷೇಮವೂ ಹೌದು. ಕಾರಿನ ಕಂಪನಿಯ ಹೆಸರು ಮತ್ತು ಲಾಂಛನಗಳು ವ್ಯಾಪಾರಮುದ್ರೆಯ ಕಾಯಿದೆಗೆ ಒಳಪಟ್ಟವು. ನವೀಕರಿಸುತ್ತಿದ್ದಷ್ಟು ಕಾಲವೂ ಅವು ಜೀವಂತ. ಮಾದರಿ ಕಾರು ಮಾಡುವವನು ಹೀಗೆ ಎರಡು ಮೂರು ಬಾಗಿಲು ತಟ್ಟಬೇಕಾಗುತ್ತದೆ. ವಿದೇಶದ ದೊಡ್ಡ ಕಂಪನಿಗಳು ಈ ಪರವಾನಗಿಗಳನ್ನು ಪಡೆಯುವುದನ್ನೇ ಒಂದು ವಿಭಾಗವಾಗಿ ನಡೆಸುತ್ತವೆ.

ನಮ್ಮ ಸ್ವಂತ ವಿನ್ಯಾಸವನ್ನು ಕಾಪಾಡಿಕೊಳ್ಳುವುದೂ ಅಷ್ಟೇ ಮುಖ್ಯ, ಮತ್ತು ಇಲ್ಲಿಯೇ ಸಣ್ಣ ಉದ್ಯಮಿಗಳು ಎಡವುವುದು. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದ ವಿನ್ಯಾಸಕ್ಕೆ ಮೊದಲು 10 ವರ್ಷ, ಮುಂದೆ ಇನ್ನೂ 5 ವರ್ಷ ರಕ್ಷಣೆಯಿದೆ. ಆದರೆ ಸರಕನ್ನು ಮಾರುಕಟ್ಟೆಗೆ ಬಿಡುವ ಮುನ್ನವೇ ಅರ್ಜಿ ಸಲ್ಲಿಸಬೇಕು. ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ ಬಿಟ್ಟರೆ, ಯಂತ್ರದಿಂದ 50ಕ್ಕಿಂತ ಹೆಚ್ಚು ಪ್ರತಿ ತೆಗೆದ ಕೂಡಲೇ ಅದರ ಮೇಲಿನ ಕೃತಿಸ್ವಾಮ್ಯವೂ ಕಳೆದುಹೋಗುತ್ತದೆ. ಎರಕದ ಯಂತ್ರಕ್ಕೆ 50 ಪ್ರತಿಯೆಂದರೆ ಬೆಳಗಿನ ಕಾಫಿಗೆ ಮೊದಲಿನ ಕೆಲಸ.

ಡೈಯ ಲೆಕ್ಕ

ಮೈಸೂರು–ನಂಜನಗೂಡು ರಸ್ತೆಯಲ್ಲಿ ಕಡಕೊಳದ ಬಳಿ ಟಿವಿಎಸ್ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆಯಿದೆ. ಮುಂದೆ ತಾಂಡವಪುರ, ನಂಜನಗೂಡುಗಳ ಕೈಗಾರಿಕಾ ಪ್ರದೇಶಗಳಿವೆ. ವಾಹನ ಬಿಡಿಭಾಗಗಳ ಕೆಲಸ ಈ ಸೀಮೆಗೆ ಹೊಸತಲ್ಲ. ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ ಕೆಲಸ ಮಾಡಬಲ್ಲ ಕೈಗಳು ನಮ್ಮಲ್ಲಿವೆ. ಕೊರತೆಯಿರುವುದು ಕೌಶಲದಲ್ಲಲ್ಲ, ಪ್ರಮಾಣದಲ್ಲಿ.

ಒಂದು ಕಲ್ಪಿತ ಲೆಕ್ಕ ನೋಡೋಣ. ಕಾರಿನ ಮೈ, ಅಡಿಫಲಕ, ಒಳಾಂಗ, ಚಕ್ರಗಳ ಡೈಗಳಿಗೆಲ್ಲ ಸೇರಿ ಹತ್ತು ಲಕ್ಷ ರೂಪಾಯಿ ತಗುಲಿತೆಂದು ಇಟ್ಟುಕೊಳ್ಳಿ. ಒಂದು ಲಕ್ಷ ಕಾರು ಮಾರಿದರೆ ಪ್ರತಿಯೊಂದರ ಮೇಲೆ ಬೀಳುವ ಡೈಯ ಭಾರ ಹತ್ತು ರೂಪಾಯಿ. ಎರಡೇ ಸಾವಿರ ಮಾರಿದರೆ ಐದುನೂರು. ಸತು, ಬಣ್ಣ, ಜೋಡಣೆ, ಪೆಟ್ಟಿಗೆ, ಪರವಾನಗಿ ಶುಲ್ಕಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಜಾತ್ರೆಯ ಗ್ರಾಹಕ ಆ ಬೆಲೆ ಕೊಡನು; ಸಂಗ್ರಾಹಕ ಕೊಟ್ಟಾನು, ಆದರೆ ಅವನ ಕಣ್ಣು ಬಲು ಹರಿತ. ಬಾಗಿಲ ಗೆರೆ ಒಂದು ಕೂದಲಷ್ಟು ಓರೆಯಾದರೂ ಹಿಂದಿರುಗಿಸುತ್ತಾನೆ. ಆದ್ದರಿಂದ ಸಿನಿಮಾ ಕಾರುಗಳ ಸ್ವಂತ ಸರಣಿಯನ್ನು ಒಮ್ಮೆಲೇ ಆರಂಭಿಸುವ ಉತ್ಸಾಹಕ್ಕೆ ನನ್ನ ಬೆಂಬಲವಿಲ್ಲ. ಮೊದಲು ಆಟಿಕೆ ತಯಾರಕರಿಗೆ ಡೈ ಮತ್ತು ಬಿಡಿಭಾಗ ಮಾಡಿಕೊಡುವುದು, ಆ ಮೂಲಕ ಸತುವಿನ ಎರಕದಲ್ಲಿ ಕೈ ಪಳಗಿಸಿಕೊಳ್ಳುವುದು, ಕಾರ್ಗಿ ತನ್ನ ಡಿಬಿ4ರಿಂದ ಡಿಬಿ5 ತೆಗೆದಂತೆ ಒಂದೇ ಡೈಯಿಂದ ಹಲವು ರೂಪ ತೆಗೆಯುವುದನ್ನು ಕಲಿಯುವುದು ವಿವೇಕ. ಕೊಪ್ಪಳದ ಬಳಿ ಏಕಸ್ ಸಂಸ್ಥೆಯ ಆಟಿಕೆ ಕ್ಲಸ್ಟರ್ ತಲೆಯೆತ್ತಿರುವುದರಿಂದ ಇಂಥ ಕೆಲಸಕ್ಕೆ ದೇಶ ಸುತ್ತಬೇಕಾಗಿಲ್ಲ.

ಕಾಲವೂ ಹಿಂದಿನಷ್ಟು ಪ್ರತಿಕೂಲವಾಗಿಲ್ಲ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. 2021ರ ಜನವರಿ 1ರಿಂದ ಜಾರಿಯಾದ ಗುಣಮಟ್ಟ ನಿಯಂತ್ರಣ ಆದೇಶದಂತೆ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೂ, ಚನ್ನಪಟ್ಟಣದ ಗೊಂಬೆಗಳಂತೆ ಭೌಗೋಳಿಕ ಗುರುತು ಪಡೆದವುಗಳ ನೋಂದಾಯಿತ ತಯಾರಕರಿಗೂ ವಿನಾಯಿತಿಯಿದೆ. ಯಂತ್ರದಲ್ಲಿ ಎರಕವಾಗುವ ಕಾರಿಗೆ ಇಲ್ಲ. ಬಣ್ಣದಲ್ಲಿನ ಸೀಸ, ಚೂಪಾದ ಅಂಚು, ಕಳಚಿ ಬರುವ ಸಣ್ಣ ಭಾಗ ಎಲ್ಲದಕ್ಕೂ ಪರೀಕ್ಷೆಯುಂಟು. ಛಾವಣಿಯಿಂದ ಹಾರುವ ಆ ಪುಟ್ಟ ಖಳ ಇಂದು ಪುಟ್ಟ ಮಕ್ಕಳ ಆಟಿಕೆಯೊಂದರಲ್ಲಿ ಪರೀಕ್ಷೆ ದಾಟುವುದು ಕಷ್ಟ! ಕೆಲವರಿಗೆ ಈ ಆದೇಶ ಕಿರುಕುಳವೆನಿಸಿದೆ. ಅಗ್ಗದ ಆಮದಿಗೆ ತಡೆಯೊಡ್ಡಿದ್ದೂ ಅದೇ ಎಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿ. ನಂಜನಗೂಡು ತಾಲ್ಲೂಕಿನ ಹಿಮ್ಮಾವು ಬಳಿ ಚಿತ್ರನಗರಿಯ ಯೋಜನೆ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ಒಮ್ಮೆ ರಾಮನಗರಕ್ಕೆ, ಒಮ್ಮೆ ಬೆಂಗಳೂರಿಗೆ ಎಂದು ಓಲಾಡಿ ಮತ್ತೆ ಮೈಸೂರಿಗೆ ಮರಳಿತು. 2025–26ರ ರಾಜ್ಯ ಮುಂಗಡಪತ್ರದಲ್ಲಿ ಮೈಸೂರಿನ ಚಿತ್ರನಗರಿಗೆ 150 ಎಕರೆ ಜಮೀನು ಮತ್ತು ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂಪಾಯಿಯ ಯೋಜನೆಯನ್ನು ಪ್ರಕಟಿಸಲಾಯಿತು. ಚಿತ್ರನಗರಿಯೆಂದರೆ ನಮ್ಮವರಿಗೆ ತೋರುವುದು ಹೋಟೆಲು, ಟ್ಯಾಕ್ಸಿ, ಜಮೀನಿನ ಬೆಲೆ. ಚಿತ್ರ ಮುಗಿದ ಮೇಲೂ ಅರವತ್ತು ವರ್ಷ ಮಾರಾಟವಾಗುವ ಸರಕಿನ ಮಾತನ್ನು ನಿರ್ಮಾಪಕರೊಡನೆ ಚಿತ್ರೀಕರಣಕ್ಕೆ ಮೊದಲೇ ಆಡಬೇಕು, ಹಕ್ಕಿನ ಪತ್ರ ಆಗಲೇ ಆಗಬೇಕು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳು ‘ಪಯಣ’ ವಸ್ತುಸಂಗ್ರಹಾಲಯದಲ್ಲಿವೆ. ನಿಜವಾದ ಕಾರನ್ನು ನೋಡಿ ಹೊರಬರುವ ಪ್ರವಾಸಿಯೇ ಅದರ ಪುಟ್ಟ ಪ್ರತಿರೂಪದ ಮೊದಲ ಗ್ರಾಹಕನೆಂಬುದನ್ನು ಅನ್ಯದೇಶಗಳ ಸಂಗ್ರಹಾಲಯಗಳ ಮಾರಾಟ ಮಳಿಗೆಗಳು ತೋರಿಸಿಕೊಟ್ಟಿವೆ.

ಪೆಟ್ಟಿಗೆಯ ಬೆಲೆ

ತಯಾರಿಕೆಯ ಮಾತು ದೊಡ್ಡದು. ಅಂಗಡಿಕಾರರಿಗೆ ಹೇಳಬೇಕಾದುದು ಸಣ್ಣದು, ಅದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ನಮ್ಮ ಮನೆತನದ ಫ್ಯಾನ್ಸಿ ಸ್ಟೋರಿನಲ್ಲಿ ಹುಡುಗನಾಗಿ ಗಲ್ಲದ ಬಳಿ ನಿಲ್ಲುತ್ತಿದ್ದಾಗ, ಲೋಹದ ಕಾರುಗಳು ಬಂದರೆ ಪೆಟ್ಟಿಗೆಯಿಂದ ತೆಗೆದು ಗಾಜಿನ ಭರಣಿಗೆ ಸುರಿಯುವುದು ನನ್ನ ಕೆಲಸ. ಗಿರಾಕಿಗೆ ಚೆನ್ನಾಗಿ ಕಾಣಲೆಂಬುದು ಉದ್ದೇಶ. ಖಾಲಿ ಪೆಟ್ಟಿಗೆಗಳನ್ನು ಒಲೆ ಹೊತ್ತಿಸಲು ಅಡುಗೆಮನೆಗೆ ಕೊಡುತ್ತಿದ್ದೆ. ಸಂಗ್ರಾಹಕರ ಲೆಕ್ಕದಲ್ಲಿ ಪೆಟ್ಟಿಗೆಯಿಲ್ಲದ ಕಾರಿನ ಬೆಲೆ ಪೆಟ್ಟಿಗೆಯುಳ್ಳದ್ದರ ಒಂದು ಅಂಶ ಮಾತ್ರವೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಪೆಟ್ಟಿಗೆಗೆ ಈ ಬೆಲೆಯಿರುವುದರಿಂದಲೇ ನಕಲಿ ಪೆಟ್ಟಿಗೆಗಳನ್ನೂ ಮುದ್ರಿಸಿ ಮಾರುತ್ತಾರೆ. ಹಾರಿಹೋದ ಖಳನ ಬದಲಿ ಗೊಂಬೆಯೂ ಪ್ರತ್ಯೇಕವಾಗಿ ಸಿಗುತ್ತದೆ! ಹಳೆಯ ಕಾರು ಕೊಳ್ಳುವವರು ಅಡಿಫಲಕವನ್ನು ಬಿಗಿದ ರಿವೆಟ್ಟಿನ ತಲೆಯನ್ನು ಮೊದಲು ನೋಡಬೇಕು. ಅದನ್ನು ಕೊರೆದು ತೆಗೆದ ಗುರುತಿದ್ದರೆ ಕಾರನ್ನು ಬಿಚ್ಚಿ ಮರುಬಣ್ಣ ಹಚ್ಚಲಾಗಿದೆಯೆಂದು ಅರ್ಥ.

ನಂಜನಗೂಡಿನ ಪೇಟೆಯಲ್ಲಾಗಲಿ ನರಸೀಪುರದ ಬಸ್ ನಿಲ್ದಾಣದ ಸಾಲಿನಲ್ಲಾಗಲಿ ಅಟ್ಟದ ಮೇಲೆ ಹಳೆಯ ಆಟಿಕೆಗಳ ದಾಸ್ತಾನು ಉಳಿಸಿಕೊಂಡಿರುವ ಅಂಗಡಿಗಳು ಇಲ್ಲದಿಲ್ಲ. ಮಾಲೀಕರು ಅದನ್ನು ಗುಜರಿಗೆ ತೂಗಿಹಾಕುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ನೋಡುವುದು ಲೇಸು. ಪೆಟ್ಟಿಗೆಯನ್ನು ತೆರೆಯಬೇಡಿ, ದರದ ಚೀಟಿಯನ್ನು ಕೀಳಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬಿಸಿಲು ಮತ್ತು ತೇವ ತಾಕದ ಕಡೆ ಇಟ್ಟು, ಅಡಿಫಲಕದ ಮೇಲಿನ ಹೆಸರು, ನಂಬರು, ತಯಾರಾದ ದೇಶವನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಆ ಸರಕು ಕೊಂಡ ಕಾಲದ ಬಿಲ್ಲು ಹಳೆಯ ಫೈಲಿನಲ್ಲಿ ದೊರೆತರೆ ಅದನ್ನೂ ಕಾರಿನ ಜೊತೆಗೇ ಇಡಿ.